ಏಳು ಅಧ್ಯಕ್ಷರು, ಒಂದು ಶಾಲು

ನಮ್ಮ ಕನ್ನಡ ಸಂಘಕ್ಕೆಲ್ಲ ಅಂಕಲ್ ಆಗಿದ್ದವರು ತೀರಿಕೊಂಡ ಹದಿಮೂರನೆಯ ದಿನ ಅವರ ಮನೆಯ ಬೇಸ್‌ಮೆಂಟಿನಲ್ಲಿ ಒಂದು ಸಭೆ ನಡೆಯಿತು. ಹನ್ನೊಂದು ಜನ ಎದ್ದು ನಿಂತು ಮಾತಾಡಿದರು. ಹನ್ನೊಂದು ಜನರೂ ಹೇಳಿದ್ದು ತಮ್ಮ ಮಗನಿಗೋ ಮಗಳಿಗೋ ಯಾವ ಕಾಲೇಜು ಸಿಕ್ಕಿತು ಎಂಬುದನ್ನು. ಹೊಸಬರು ಯಾರಾದರೂ ಬಂದು ಕೂತಿದ್ದರೆ ಸತ್ತವರು ಯಾರೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಯಾರ ಮಗ ಎಲ್ಲಿ ಓದುತ್ತಿದ್ದಾನೆ ಎಂಬುದು ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಅಂಕಲ್ ಅಲ್ಲಿದ್ದಿದ್ದರೆ ಬಹಳ ಖುಷಿಪಡುತ್ತಿದ್ದರು. ಆರನೆಯವರು ಕಾಲೇಜಿನ ಹೆಸರು ತಪ್ಪು ಹೇಳಿದಾಗ ಎದ್ದು ತಿದ್ದಿಯೂ ಬಿಡುತ್ತಿದ್ದರು.

ನನ್ನನ್ನು ಯಾರೂ ಮಾತಾಡಿ ಎನ್ನಲಿಲ್ಲ. ನಾನು ಮಾತಾಡುವವಳಲ್ಲ ಎಂದು ಎಲ್ಲರಿಗೂ ಗೊತ್ತು. ತಿಪಟೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ, ಈ ಮೇರಿಲ್ಯಾಂಡಿಗೆ ಬಂದವಳು ನಾನು. ಸಭೆ ಎಂದರೆ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವುದು ರೂಢಿ. ಅವತ್ತೂ ಅಲ್ಲೇ ನಿಂತಿದ್ದೆ. ಆದರೆ ಅಂಕಲ್ ಬಗ್ಗೆ ಹೇಳಲೇಬೇಕಾದ ಒಂದು ವಿಷಯವನ್ನು ಆ ಹನ್ನೊಂದು ಜನರಲ್ಲಿ ಯಾರೂ ಹೇಳಲಿಲ್ಲ. ಅವರಿಗೆ ಅದು ಗೊತ್ತಿರಲೂ ಇಲ್ಲ.

ಅಂಕಲ್‌ಗೆ ಮಕ್ಕಳಿರಲಿಲ್ಲ. ಆದ್ದರಿಂದ ಮಕ್ಕಳನ್ನು ಹೇಗೆ ಬೆಳೆಸಬೇಕೆಂದು ಅವರಿಗೆ ಪೂರ್ತಿಯಾಗಿ ಗೊತ್ತಿತ್ತು. ವಾಷಿಂಗ್ಟನ್ನಿನಲ್ಲಿ ದೇಶದೇಶಗಳಿಗೆ ಸಾಲ ಕೊಡುವ ದೊಡ್ಡದೊಂದು ಸಂಸ್ಥೆಯಲ್ಲಿ ಅವರ ಕೆಲಸ. ಅಲ್ಲಿ ಏನು ಮಾಡುತ್ತಿದ್ದರೆಂದು ನಾವು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರ ನಿಜವಾದ ಕಚೇರಿ ಇದ್ದದ್ದು ನಮ್ಮ ಮನೆಗಳ ಸೋಫಾಗಳ ಮೇಲೆ. ಬೆಳಿಗ್ಗೆ ಮೆಟ್ರೋದಲ್ಲಿ ಪಕ್ಕಕ್ಕೆ ಕೂತವರಿಗೆ ಹೈಸ್ಕೂಲಿನಲ್ಲಿ ಓದುವ ಮಗು ಇದೆಯೇ ಎಂದು ವಿಚಾರಿಸುತ್ತಿದ್ದರಂತೆ. ಇದೆ ಎಂದವರು ತಮ್ಮ ಸ್ಟೇಷನ್ನಿನಲ್ಲಿ ಇಳಿದದ್ದು ಅವರ ಪುಣ್ಯ. ಅಟ್ಲಾಂಟಾದಿಂದ, ಷಾರ್ಲಟ್‌ನಿಂದ ಪರಿಚಯವೇ ಇಲ್ಲದ ಕನ್ನಡದವರು ಫೋನ್ ಮಾಡಿ ಸಲಹೆ ಕೇಳುತ್ತಿದ್ದರು. ಅಂಥ ದಿನ ಅಂಕಲ್ ಹೆಂಡತಿ, ನಮ್ಮ ಆಂಟಿ, ಊಟ ಮುಗಿಸಿ, ಪಾತ್ರೆ ತೊಳೆದು, ಟಿವಿ ನೋಡಿ ಮುಗಿಸಿದರೂ ಅಂಕಲ್ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಒಂಬತ್ತನೇ ತರಗತಿಯಲ್ಲೇ ಇರುತ್ತಿದ್ದರು.

"ಮನೇಲಿ ಮಕ್ಕಳಿಲ್ಲ, ಅದಕ್ಕೇ ಊರಿಗೆಲ್ಲಾ ಹೆಡ್‌ಮಾಸ್ಟರು" ಎನ್ನುತ್ತಿದ್ದರು ಆಂಟಿ. ಆಂಟಿ ಮಾತಾಡುತ್ತಿದ್ದದ್ದೇ ಕಡಿಮೆ. ಆಡಿದ್ದೆಲ್ಲ ಹೀಗೆ.

ಯಾರದೇ ಮನೆಗೆ ಬಂದರೂ ಅವರು ಶೂ ಬಿಚ್ಚುವುದಕ್ಕೆ ಮೊದಲೇ ಪರೀಕ್ಷೆ ಶುರುವಾಗುತ್ತಿತ್ತು. ಈ ದೇಶದಲ್ಲಿ ಕಾಲೇಜಿನವರು ಮಾರ್ಕಿನ ಜೊತೆಗೆ ಮಗು ಶಾಲೆಯಲ್ಲಿ ಎಷ್ಟು ಕ್ಲಬ್ಬು ಸೇರಿದೆ ಎಂಬುದನ್ನೂ ಎಣಿಸುತ್ತಾರೆ.

"ಯಾವ ಗ್ರೇಡಮ್ಮಾ ಈಗ?"

"ನೈನ್ತ್, ಅಂಕಲ್."

"ಎಷ್ಟು ಕ್ಲಬ್ಬು?"

"ಒನ್. ಆರ್ಟ್."

ಆಗ ಅವರು ಮಗುವಿನ ತಂದೆಯ ಕಡೆ ತಿರುಗಿ, ಮನೆಯಲ್ಲಿ ಏನೋ ಅಮಂಗಳ ನಡೆದಿದೆ ಎಂಬಂತೆ ತಲೆ ಆಡಿಸುತ್ತಿದ್ದರು. "ಒಂದು ಕ್ಲಬ್ಬು ಅಂದ್ರೆ ಬರೀ ಅನ್ನ ಬಡಿಸಿ ಕೈ ತೊಳೆಯಿರಿ ಅಂದ ಹಾಗೆ. ಸಾರು ಎಲ್ಲಿ? ಪಲ್ಯ ಎಲ್ಲಿ? ಹೈಸ್ಕೂಲು ಅಂದ್ರೆ ಏನು ಅಂದ್ಕೊಂಡಿದ್ದೀರಿ? ನಾಲ್ಕು ವರ್ಷ ನಡೆಯೋ ಇಂಟರ್‌ವ್ಯೂ!"

ಒಮ್ಮೆ ಒಂದು ಹುಟ್ಟುಹಬ್ಬದಲ್ಲಿ ಹುಡುಗಿ ಕೇಕು ಕತ್ತರಿಸಲು ಚಾಕು ಎತ್ತಿದ್ದಳು. ಅಷ್ಟರಲ್ಲೇ ಅಂಕಲ್, "ಹದಿನಾಲ್ಕು ತುಂಬಿತಲ್ಲ, ಸಮರ್‌ನಲ್ಲಿ ಏನು ಪ್ಲ್ಯಾನು?" ಎಂದು ಕೇಳಿದರು. ಅವಳು ಅಜ್ಜಿಯ ಮನೆಗೆ ಹೋಗುತ್ತೇನೆ ಎಂದಳು. "ಕಾಲೇಜು ಫಾರಂನಲ್ಲಿ ಅಜ್ಜಿಯನ್ನ ಯಾವ ಕಾಲಂನಲ್ಲಿ ಬರೀತೀಯ?" ಎಂದರು ಅಂಕಲ್.

ಪಿಟೀಲು ಎಲ್ಲರೂ ನುಡಿಸುತ್ತಾರೆ, ಕಾಲೇಜಿನವರಿಗೆ ಸಾಕಾಗಿಹೋಗಿದೆ, ದೊಡ್ಡ ಕೊಳಲು ಊದುವವರು ಬೇಕಾಗಿದ್ದಾರೆ ಎಂದು ಎಲ್ಲೋ ಓದಿ ಬಂದು ಮೂರು ಮಕ್ಕಳಿಗೆ ಟ್ಯೂಬಾ ಹೊರಿಸಿದರು. ಅದು ಕೊಳಲಲ್ಲ, ಹಿತ್ತಾಳೆಯ ಹಂಡೆ. ಆ ಮೂವರಲ್ಲಿ ಒಬ್ಬ ಹುಡುಗ ಊದುವಾಗ ಅದರ ಹಿಂದೆ ಅವನು ಕಾಣುತ್ತಲೇ ಇರಲಿಲ್ಲ. ಅವನ ಅಪ್ಪ ಅಮ್ಮ ಕಾನ್ಸರ್ಟಿನಲ್ಲಿ ಹಂಡೆಯನ್ನೇ ನೋಡಿ ಚಪ್ಪಾಳೆ ತಟ್ಟಿ ಬಂದರು.

ಅವರ ದೊಡ್ಡ ಸಾಧನೆ ಎಂದರೆ ಚರ್ಚಾಕೂಟ. ನಾಯಕತ್ವ ತೋರಿಸದ ಮಗುವನ್ನು ಯಾವ ಕಾಲೇಜೂ ಮುಟ್ಟುವುದಿಲ್ಲ ಎಂಬುದು ಅವರ ಸಿದ್ಧಾಂತ. ಒಂದು ವರ್ಷ ನಮ್ಮ ಕನ್ನಡ ಸಂಘದಲ್ಲಿ ಹನ್ನೊಂದನೇ ತರಗತಿಗೆ ಬಂದ ಮಕ್ಕಳು ನನ್ನ ಮಗಳೂ ಸೇರಿ ಏಳು, ಏಳೂ ಒಂದೇ ಹೈಸ್ಕೂಲು. ಏಳು ಜನರಿಗೂ ನಾಯಕತ್ವ ಬೇಕಲ್ಲ? ಅಂಕಲ್ ಒಂದು ಕೂಟ ಹುಟ್ಟುಹಾಕಿ ಏಳು ಜನರನ್ನೂ ಅದಕ್ಕೆ ಅಧ್ಯಕ್ಷರನ್ನಾಗಿ ಮಾಡಿದರು. ಸದಸ್ಯರು ಯಾರೂ ಇರಲಿಲ್ಲ. ಎರಡು ವರ್ಷದಲ್ಲಿ ಒಂದೇ ಒಂದು ಚರ್ಚೆ ನಡೆಯಿತು. ಸಭೆಯ ಅಧ್ಯಕ್ಷತೆ ಯಾರದು ಎಂಬುದರ ಮೇಲೆ.

ಅಪ್ಲಿಕೇಶನ್ ಫಾರಂಗಳನ್ನು ಅವರೇ ಟೈಪ್ ಮಾಡುತ್ತಿದ್ದರು. ಬೇಸ್‌ಮೆಂಟಿನಲ್ಲಿ ಒಂದು ಎಲೆಕ್ಟ್ರಿಕ್ ಟೈಪ್‌ರೈಟರ್, ಪಕ್ಕದಲ್ಲಿ ವೈಟ್‌ನರ್ ಬಾಟಲಿ. ಮಕ್ಕಳು ಎದುರಿಗೆ ಕಾರ್ಪೆಟ್ ಮೇಲೆ ಸಾಲಾಗಿ ಕೂರಬೇಕು. ಸಣ್ಣಕ್ಷರದಲ್ಲಿ ಅಚ್ಚಾದದ್ದನ್ನೆಲ್ಲ ಗಟ್ಟಿಯಾಗಿ ಓದುವುದು ಅವರ ಅಭ್ಯಾಸ. ಫಾರಂ ಮಾತ್ರ ಅಲ್ಲ. ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ಸೂಚನೆ, ಲಿಫ್ಟಿನ ಒಳಗಿನ ಸರ್ಟಿಫಿಕೇಟು, ಗೋಡೆಗೆ ಅಂಟಿಸಿದ ಯಾವ ಕಾಗದವನ್ನೂ ಓದದೆ ಅವರು ಮುಂದೆ ಹೋಗುತ್ತಿರಲಿಲ್ಲ. ಫಾರಂ ತುಂಬುವುದಕ್ಕೆ ಅವರದೊಂದು ಸೂತ್ರ ಇತ್ತು. ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು: "ಫಾರಂ ಕೇಳಿದ್ದಕ್ಕೆ ಉತ್ತರ ಬರಿ. ಕೇಳದೇ ಇದ್ದದ್ದನ್ನ ಬರೀಬೇಡ. ಅದೇ ಬುದ್ಧಿವಂತಿಕೆ."

ನನ್ನ ಮಗಳು ದಿವ್ಯಾಳ ಫಾರಂ ಟೈಪ್ ಮಾಡುತ್ತಿದ್ದಾಗ ನಾನೂ ಅಲ್ಲಿದ್ದೆ. ತಂದೆಯ ಉದ್ಯೋಗ ಎಂಬಲ್ಲಿ ಲ್ಯಾಬ್ ಟೆಕ್ನಿಷಿಯನ್ ಎಂದು ಹೊಡೆದರು. ತಾಯಿಯ ಉದ್ಯೋಗ ಎಂಬಲ್ಲಿ ಬೆರಳು ನಿಂತಿತು. ನಾನು ಅದೇ ಹೈಸ್ಕೂಲಿನ ಕೆಫೆಟೀರಿಯಾದಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದೆ. ತಲೆಗೆ ಬಲೆ, ಕೈಗೆ ಪ್ಲಾಸ್ಟಿಕ್ ಗ್ಲೌಸು. ನಮ್ಮ ಮನೆಯ ಹೊರಗೆ ಇದು ಗೊತ್ತಿದ್ದದ್ದು ಅಂಕಲ್‌ಗೆ ಮಾತ್ರ; ಸಂಘದ ಉಳಿದ ಮಕ್ಕಳು ಮನೆಯಿಂದ ಡಬ್ಬಿ ತರುತ್ತಿದ್ದರು, ಕೆಫೆಟೀರಿಯಾದ ಕಡೆ ಬರುತ್ತಿರಲಿಲ್ಲ. ಊರಿಗೆಲ್ಲ ಅವರು "ಸ್ಕೂಲ್ ಡಿಪಾರ್ಟ್‌ಮೆಂಟಲ್ಲಿದ್ದಾರೆ" ಎಂದು ಹೇಳಿದ್ದರು. ದಿವ್ಯಾ ಮಧ್ಯಾಹ್ನ ಟ್ರೇ ಹಿಡಿದು ನನ್ನ ಮುಂದೆ ಬಂದಾಗ, "ಥ್ಯಾಂಕ್ ಯೂ, ಮ್ಯಾಮ್" ಎಂದು ಹೇಳಿ ಹೋಗುತ್ತಿದ್ದಳು.

ಅಂಕಲ್ ಸ್ವಲ್ಪ ಯೋಚಿಸಿ "ನ್ಯೂಟ್ರಿಷನ್ ಸರ್ವೀಸಸ್" ಎಂದು ಹೊಡೆದರು. "ಸುಳ್ಳೇನಿಲ್ಲಮ್ಮಾ" ಎಂದರು ನನ್ನ ಕಡೆ ನೋಡಿ. ದಿವ್ಯಾ ನಕ್ಕಳು. ನಾನು ಅವರಿಗೆ ಕಾಫಿ ತಂದುಕೊಟ್ಟೆ.

ದಿವ್ಯಾಳ ಆಸೆ ಉತ್ತರ ಕೆರೊಲೈನಾದ ಒಂದು ಕಾಲೇಜು. ಅಲ್ಲಿ ಸ್ಕಾಲರ್‌ಶಿಪ್ ಸಿಕ್ಕರೆ ಮಾತ್ರ ಕಳಿಸಬಹುದಿತ್ತು, ಸ್ಕಾಲರ್‌ಶಿಪ್‌ಗೆ ಗಣಿತದ ಟೀಚರ ಶಿಫಾರಸು ಪತ್ರ ಬೇಕೇ ಬೇಕಿತ್ತು. ಆಕೆ ಮೂವತ್ತು ವರ್ಷ ಅದೇ ಶಾಲೆಯಲ್ಲಿ ಪಾಠ ಹೇಳಿದವರು. ಸುಮ್ಮಸುಮ್ಮನೆ ಹೊಗಳುವವರಲ್ಲ, ಹೊಗಳಿದರೆ ಕಾಲೇಜಿನವರು ನಂಬುತ್ತಾರೆ ಎಂದು ಹೆಸರು. ದಿವ್ಯಾಗೆ ಬರೆದುಕೊಡುತ್ತೇನೆ ಎಂದು ತಾವಾಗಿಯೇ ಹೇಳಿದ್ದರು. ಆ ಸಂಜೆ ದಿವ್ಯಾ ಮನೆಗೆ ಬಂದು ಕೋಟು ಬಿಚ್ಚುವುದನ್ನೂ ಮರೆತು ಒಂದು ಗಂಟೆ ಅಡುಗೆಮನೆಯಲ್ಲಿ ನನ್ನ ಹಿಂದೆಯೇ ಓಡಾಡಿದಳು. ಉಳಿದ ಆರು ಅಧ್ಯಕ್ಷರೂ ಅದೇ ಟೀಚರನ್ನು ಕೇಳಿದ್ದರು.

ಇಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಸುಮ್ಮನಿರುವುದು ಅಂಕಲ್‌ನ ಯಾವ ಪಟ್ಟಿಯಲ್ಲೂ ಇರಲಿಲ್ಲ.

"ಏಳು ಲೆಟರ್ ಬರೀಬೇಕು ಆ ತಾಯಿ. ನಾವು ಏನು ಮಾಡಿದ್ದೀವಿ ಅವರಿಗೆ?" ಎಂದು ಸಂಘದ ಸಭೆಯಲ್ಲಿ ಕೇಳಿದರು. "ರಾಜ್ಯೋತ್ಸವಕ್ಕೆ ಕರೆಸೋಣ. ಸನ್ಮಾನ ಮಾಡೋಣ. ಶಾಲು, ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಬೆಳ್ಳಿ ತಟ್ಟೆ. ಸನ್ಮಾನ ಮಾಡಿಸ್ಕೊಂಡ ಕೈ ಕೆಟ್ಟದ್ದು ಬರೆಯುತ್ತಾ?"

ಎಲ್ಲರೂ ಆಹಾ ಎಂದರು. ನಾನು ಬಾಗಿಲಲ್ಲಿ ನಿಂತಿದ್ದೆ. ಕೆಫೆಟೀರಿಯಾದಲ್ಲಿ ನಾನು ಬಡಿಸುವ ಕಟ್ಟೆಯ ಹಿಂದೆ, ಫ್ರಿಜ್ಜಿನ ಪಕ್ಕದ ಗೋಡೆಗೆ ಒಂದು ಹಳದಿ ಕಾಗದ ಅಂಟಿಸಿದ್ದರು: ಶಾಲೆಯ ಯಾವ ನೌಕರರೂ ವಿದ್ಯಾರ್ಥಿಗಳ ಮನೆಯವರಿಂದ ಬೆಲೆಬಾಳುವ ಉಡುಗೊರೆ ಸ್ವೀಕರಿಸಕೂಡದು. ಕೆಲಸಕ್ಕೆ ಸೇರಿದ ದಿನ ಅದನ್ನು ನನ್ನಿಂದ ಓದಿಸಿ ಸಹಿ ಹಾಕಿಸಿದ್ದರು. ಹಿಂದಿನ ಕ್ರಿಸ್‌ಮಸ್‌ನಲ್ಲಿ ಒಬ್ಬ ಹುಡುಗನ ತಾಯಿ ಕೊಟ್ಟ ಉಣ್ಣೆಯ ಮಫ್ಲರನ್ನು ವಾಪಸ್ ಕೊಟ್ಟುಬಂದಿದ್ದೆ. ನನಗೆ ಆ ಕಾಗದ ಬಾಯಿಪಾಠ.

"ಸರ್, ಸ್ಕೂಲಲ್ಲಿ ಒಂದು..." ಎಂದು ಬಾಯಿ ತೆರೆದೆ.

"ಅಮ್ಮಾ, ನಿಮ್ಮ ಡಿಪಾರ್ಟ್‌ಮೆಂಟು ಉಪ್ಪಿಟ್ಟು" ಎಂದರು ಅಂಕಲ್. "ನೂರೈವತ್ತು ಜನಕ್ಕೆ. ಅದನ್ನ ನೋಡ್ಕೊಳ್ಳಿ. ಸ್ಕೂಲಿನ ವಿಷಯ ನನಗೆ ಬಿಡಿ."

ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ನಾನು ಬಾಯಿ ಮುಚ್ಚಿಕೊಂಡೆ. ಮತ್ತೊಮ್ಮೆ ಹೇಳಬಹುದಿತ್ತು, ಅದಕ್ಕೆ ಮೂರು ವಾರ ಸಮಯವಿತ್ತು. ಮನೆಯಲ್ಲಿ ಗಂಡನಿಗಾದರೂ ಹೇಳಬಹುದಿತ್ತು. ಹೇಳಲಿಲ್ಲ. ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ಮನುಷ್ಯ ಒಂದು ಸಲ, ಒಂದೇ ಒಂದು ಸಲ, ಎಲ್ಲರ ಮುಂದೆ ಮುಖಭಂಗ ಅನುಭವಿಸಲಿ ಎಂದು ಉಪ್ಪಿಟ್ಟಿನ ರವೆ ಹುರಿಯುತ್ತ ಅಂದುಕೊಂಡೆ. ಟೀಚರು ಅಲ್ಲೇ ತಟ್ಟೆ ಬೇಡ ಎನ್ನುತ್ತಾರೆ, ಅಂಕಲ್ ಮೈಕಿನ ಮುಂದೆ ತಡವರಿಸುತ್ತಾರೆ, ಅಷ್ಟಕ್ಕೆ ಮುಗಿಯುತ್ತದೆ ಎಂದು ನನ್ನ ಲೆಕ್ಕ. ನನ್ನ ಮಗಳ ಪತ್ರವೂ ಅದೇ ತಟ್ಟೆಯಲ್ಲಿದೆ ಎಂಬುದು ನನಗೆ ಹೊಳೆಯಲಿಲ್ಲ. ಉಪ್ಪಿಟ್ಟು ಚೆನ್ನಾಗಿ ಆಗಿತ್ತು.

ಟೀಚರು ಬೇಡ ಎನ್ನಲಿಲ್ಲ. ಇದು ಯಾವುದೋ ಸಂಸ್ಥೆ ಕೊಡುವ ಗೌರವ ಎಂದುಕೊಂಡರು. ಬಿಳಿ ಕೂದಲಿನ ಮೇಲೆ ಮೈಸೂರು ಪೇಟ, ಹೆಗಲಿಗೆ ಜರಿಯಂಚಿನ ಹಸಿರು ಶಾಲು. ಮೂವತ್ತು ವರ್ಷದಲ್ಲಿ ತನ್ನನ್ನು ಯಾರೂ ವೇದಿಕೆಯ ಮೇಲೆ ಕೂರಿಸಿರಲಿಲ್ಲ ಎಂದು ಹೇಳಿ ಅತ್ತರು. ಹಾಲೂ ಅತ್ತಿತು. ಅಂಕಲ್ ಇಪ್ಪತ್ತು ನಿಮಿಷ ಮಾತಾಡಿದರು.

ಅಲ್ಲಿಗೂ ನಿಲ್ಲಿಸಲಿಲ್ಲ. ಸಂಘದ ಸುದ್ದಿಪತ್ರದಲ್ಲಿ ಫೋಟೋ ಹಾಕಿಸಿ, ಅದರ ಕೆಳಗೆ ಇಂಗ್ಲಿಷಿನಲ್ಲಿ, 'ನಮ್ಮ ಏಳು ಮಕ್ಕಳಿಗೆ ಈ ವರ್ಷ ಶಿಫಾರಸು ಪತ್ರ ಬರೆಯಲಿರುವ ಗುರುಗಳಿಗೆ ಬೆಳ್ಳಿ ತಟ್ಟೆಯ ಕಾಣಿಕೆ' ಎಂದು ಅಚ್ಚು ಹಾಕಿಸಿದರು. ಒಂದು ಪ್ರತಿಯನ್ನು ಶಾಲೆಯ ಪ್ರಿನ್ಸಿಪಾಲರಿಗೆ ತಾವೇ ಅಂಚೆಯಲ್ಲಿ ಕಳಿಸಿದರು. ಮೇಲೊಂದು ಪತ್ರ ಲಗತ್ತಿಸಿ.

ಸೋಮವಾರ ದಿವ್ಯಾ ಮನೆಗೆ ಬಂದು ಬಾಗಿಲಲ್ಲೇ ನಿಂತಳು.

"ಅಮ್ಮಾ, ಶೀ ಕಾಂಟ್ ರೈಟ್ ಇಟ್."

"ಏನಾಯ್ತೇ?"

"ಗಿಫ್ಟ್ ತಗೊಂಡ್ರಲ್ಲ, ಅದಕ್ಕೆ. ಪ್ರಿನ್ಸಿಪಲ್ ಹೇಳಿದ್ರಂತೆ. ನಮ್ಮ ಏಳು ಜನಕ್ಕೂ ಬರೆಯೋ ಹಾಗಿಲ್ಲ. ಎಲ್ಲಾ ವಾಪಸ್ ಕೊಡ್ತಾರಂತೆ. ಶೀ ವಾಸ್ ಕ್ರೈಯಿಂಗ್, ಅಮ್ಮಾ. ಇಂಥಾ ರೂಲ್ ಇದೆ ಅಂತ ಯಾರಿಗೂ ಗೊತ್ತೇ ಇರ್ಲಿಲ್ವಾ?"

ನಾನು ಅವಳ ಬೆನ್ನು ಸವರಿದೆ. ಕೈಕಾಲು ತೊಳೆದು ಬಾ ಎಂದೆ.

ಮರುದಿನ ಅಂಕಲ್ ಪ್ರಿನ್ಸಿಪಾಲರನ್ನು ಕಾಣಲು ಶಾಲೆಗೆ ಬಂದರು. ಅವರ ಅಭ್ಯಾಸದಂತೆ ಒಂದು ಗಂಟೆ ಮೊದಲೇ. ಕಾಯುವುದಕ್ಕೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕೆಫೆಟೀರಿಯಾಕ್ಕೆ ಬಂದುಬಿಟ್ಟರು. ಜೀನ್ಸಿನ ಹುಡುಗರ ಸಾಲಿನಲ್ಲಿ ಸೂಟು ಟೈ ಧರಿಸಿ, ಎರಡೂ ಕೈಯಲ್ಲಿ ಟ್ರೇ ಹಿಡಿದು, ದೇವಸ್ಥಾನದ ಪ್ರಸಾದಕ್ಕೆ ನಿಂತವರ ಹಾಗೆ ಮುಂದೆ ಮುಂದೆ ಬಂದರು. ನನ್ನನ್ನು ತಲೆಯ ಬಲೆಯಲ್ಲಿ ಅವರು ನೋಡಿದ್ದು ಅದೇ ಮೊದಲು.

"ಏನಮ್ಮಾ ಮಾಡೋದು ಈಗ?" ಎಂದರು. ಅವರ ಬಾಯಲ್ಲಿ ಅಂಥ ಪ್ರಶ್ನೆ ನಾನು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

"ಕ್ಷಮೆ ಕೇಳಿ ಸರ್" ಎಂದೆ. "ಭಾಷಣ ಮಾಡಬೇಡಿ."

ಅವರು ತಲೆ ಆಡಿಸಿದರು. ಆಮೇಲೆ ಅವರ ಕಣ್ಣು ನನ್ನ ಹೆಗಲಿನ ಹಿಂದಕ್ಕೆ ಹೋಯಿತು. ಗೋಡೆಯ ಮೇಲಿನ ಕಾಗದವನ್ನು ಓದದೆ ಬಿಡುವ ಮನುಷ್ಯನಲ್ಲವಲ್ಲ. ಕನ್ನಡಕವನ್ನು ಹಣೆಗೆ ಏರಿಸಿ, ತುಟಿ ಆಡಿಸುತ್ತ, ಹಳದಿ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಕೊನೆಯಲ್ಲಿ ಸಹಿಗಳಿದ್ದವು. ನನ್ನದು ಕನ್ನಡದಲ್ಲಿತ್ತು. ಅವರು ನನ್ನ ಮುಖ ನೋಡಿದರು. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತ್ತು.

"ಸ್ಪೂನು ಎಲ್ಲಿ ಇಟ್ಟಿದ್ದೀರಮ್ಮಾ?" ಎಂದು ಕೇಳಿದರು.

ತೋರಿಸಿದೆ. ಎರಡು ಹೆಜ್ಜೆ ಹೋದವರು ಸಾಲಿನ ಹಿಂದೆ ನಿಂತಿದ್ದ ದಿವ್ಯಾಳನ್ನು ಕಂಡು, ಇಡೀ ಕೆಫೆಟೀರಿಯಾಕ್ಕೆ ಕೇಳುವಂತೆ ಇಂಗ್ಲಿಷಿನಲ್ಲಿ, "ಅದೃಷ್ಟವಂತೆ ನೀನು! ದಿನಾ ಅಮ್ಮನ ಕೈಯಲ್ಲೇ ಊಟ!" ಎಂದುಬಿಟ್ಟರು. ನನ್ನ ಕೆಲಸವನ್ನು ನ್ಯೂಟ್ರಿಷನ್ ಎಂದು ಮುಚ್ಚಿಟ್ಟಿದ್ದ ಅದೇ ಬಾಯಿ. ದಿವ್ಯಾಳ ಕಿವಿ ಕೆಂಪಾಯಿತು. "ಅಂಕಲ್, ಪ್ಲೀಸ್!" ಎಂದಳು. ಒಂದು ವಾರ ಅವಳು ನನ್ನ ಸಾಲಿಗೇ ಬರಲಿಲ್ಲ. ಎಂಟನೆಯ ದಿನ ಬಂದಳು. ಪಕ್ಕದಲ್ಲಿ ಗೆಳತಿಯಿದ್ದಳು. "ಅಮ್ಮಾ, ಇನ್ನೊಂದ್ ಸ್ವಲ್ಪ ಫ್ರೈಸ್ ಹಾಕು" ಎಂದಳು. ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

ಪ್ರಿನ್ಸಿಪಾಲರು ಮೆತ್ತಗಾಗಲಿಲ್ಲ. ಅಂಕಲ್ ಅಲ್ಲಿ ಭಾಷಣ ಮಾಡಿದರೆಂದೇ ನನ್ನ ಊಹೆ.

ಆ ಶನಿವಾರ ಏಳೂ ಮನೆಯವರು ಅವರ ಬೇಸ್‌ಮೆಂಟಿನಲ್ಲಿ ಸೇರಿದರು. ವರ್ಷಗಟ್ಟಲೆ ಅವರ ಮಾತಿಗೆ ತಲೆ ಆಡಿಸಿದವರೆಲ್ಲ ಅವತ್ತು ಬೆರಳು ತೋರಿಸಿ ಮಾತಾಡಿದರು. ಟ್ಯೂಬಾದ ಖರ್ಚಿನ ಮಾತೂ ಬಂತು. ನಾನು ಬಯಸಿದ್ದು ಇದನ್ನೇ: ಅವರು ತಡವರಿಸುತ್ತಿದ್ದರು, ಎಲ್ಲರೂ ನೋಡುತ್ತಿದ್ದರು. ನನಗೆ ನೋಡಲಾಗಲಿಲ್ಲ. ಅಷ್ಟರಲ್ಲಿ ಟ್ಯೂಬಾ ಹುಡುಗನ ಅಪ್ಪ ನನ್ನ ಕಡೆ ತಿರುಗಿದರು. ನನ್ನ ಕೆಲಸ ಅಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು.

"ಅಲ್ರೀ, ನೀವು ಅದೇ ಸ್ಕೂಲಲ್ಲಿದ್ದೀರಲ್ಲ. ನಿಮಗೂ ಗೊತ್ತಿರಲಿಲ್ವಾ?"

ದಿವ್ಯಾ ಮೆಟ್ಟಿಲ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು.

"ಅವರಿಗೆ ಹೇಗ್ರೀ ಗೊತ್ತಾಗುತ್ತೆ?" ಎಂದು ಅಂಕಲ್ ಗದರಿದರು. "ಅವರಿರೋದು ಅಡುಗೆಮನೇಲಿ. ಅಂಥಾ ರೂಲ್ಸೆಲ್ಲಾ ಟೀಚರ್‌ಗಳ ರೂಮಲ್ಲಿ ಹಾಕಿರ್ತಾರೆ. ನಾನೇ ನೋಡಿ ಬಂದಿದ್ದೀನಿ. ಅಡುಗೆಮನೇಲಿ ಏನಿರುತ್ತೆ? ತರಕಾರಿ ಪಟ್ಟಿ. ತಪ್ಪು ನನ್ನದು, ನನ್ನನ್ನ ಬೈರಿ."

ಬೈದರು. ಅಡುಗೆಯವಳೆಂದು ಹೀಯಾಳಿಸಿ ನನ್ನನ್ನು ಕಾಪಾಡುವುದು ಅವರಿಂದ ಮಾತ್ರ ಸಾಧ್ಯವಿತ್ತು.

ದಿವ್ಯಾಗೆ ಎರಡೇ ತಿಂಗಳ ಪರಿಚಯದ ಕೆಮಿಸ್ಟ್ರಿ ಮೇಷ್ಟ್ರು ಪತ್ರ ಬರೆದುಕೊಟ್ಟರು. ಏಪ್ರಿಲ್ಲಿನಲ್ಲಿ ಉತ್ತರ ಕೆರೊಲೈನಾದಿಂದ ಲಕೋಟೆ ಬಂತು. ತೆಳ್ಳಗಿತ್ತು. ಸೇರಿಸಿಕೊಂಡರೆ ದಪ್ಪ ಲಕೋಟೆ, ಇಲ್ಲದಿದ್ದರೆ ತೆಳು. ಅಂಕಲ್ ಅದನ್ನೂ ಮಕ್ಕಳಿಗೆ ಹೇಳಿಕೊಟ್ಟಿದ್ದರು. ದಿವ್ಯಾ ಅದನ್ನು ಒಡೆಯದೆ ತುಂಬ ಹೊತ್ತು ಕೈಯಲ್ಲಿ ಹಿಡಿದು ಕೂತಿದ್ದಳು. ಗಣಿತದ ಟೀಚರು ಬರೆದಿದ್ದರೆ ಅದು ದಪ್ಪಗಿರುತ್ತಿತ್ತೋ ಏನೋ, ಯಾರಿಗೂ ತಿಳಿಯದು. ನನಗೂ ಇವತ್ತಿಗೂ ತಿಳಿಯದು. ಅವಳು ಮನೆಯ ಹತ್ತಿರದ ಕಾಲೇಜು ಸೇರಿದಳು, ಚೆನ್ನಾಗಿ ಓದಿದಳು, ಈಗ ಅದರ ಮಾತೇ ಎತ್ತುವುದಿಲ್ಲ. ಮುಂದಿನ ವರ್ಷ ಅಂಕಲ್ ಅವಳ ಹೆಸರನ್ನೂ ತಮ್ಮ ಸಾಧನೆಯ ಪಟ್ಟಿಗೆ ಸೇರಿಸಿಕೊಂಡು ಅಟ್ಲಾಂಟಾದವರಿಗೆ ಫೋನಿನಲ್ಲಿ ವರ್ಣಿಸುತ್ತಿದ್ದರು. ಜನ ಮರೆತರು. ಮತ್ತೆ ಅವರ ಬೇಸ್‌ಮೆಂಟು ತುಂಬಿತು. ಮತ್ತೆ ಅಧ್ಯಕ್ಷರು ಹುಟ್ಟಿದರು.

ಈ ವರ್ಷ ಅವರು ಆಸ್ಪತ್ರೆ ಸೇರಿದಾಗ ನೋಡಲು ಹೋಗಿದ್ದೆ. ಆಂಟಿ ಕಾಫಿ ತರಲು ಕೆಳಗೆ ಹೋಗಿದ್ದರು. ಅಂಕಲ್ ತುಂಬ ಇಳಿದುಹೋಗಿದ್ದರು. ನರ್ಸು ಬಂದು ಅವರ ನಾಡಿ ನೋಡುತ್ತಿದ್ದಳು. ಅವರು ಅವಳ ಮಗಳ ಬಗ್ಗೆ ವಿಚಾರಿಸುತ್ತಿದ್ದರು. ಹತ್ತನೇ ತರಗತಿಯಂತೆ. ಎಷ್ಟು ಕ್ಲಬ್ಬು ಎಂದು ಕೇಳಿದರು. ಒಂದು ಎಂದಳು. ಅವರು ನನ್ನ ಕಡೆ ತಿರುಗಿ ಅದೇ ಹಳೆಯ ರೀತಿಯಲ್ಲಿ ತಲೆ ಆಡಿಸಿದರು.

ನರ್ಸು ಹೋದ ಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಸರ್, ಆ ವರ್ಷ... ಆ ಶಾಲಿನ ವಿಷಯ. ಸನ್ಮಾನಕ್ಕೆ ಮೊದಲೇ ನನಗೆ..."

"ಹಳದಿ ಕಾಗದ" ಎಂದರು ಕಣ್ಣು ಮುಚ್ಚಿಕೊಂಡೇ. "ಎರಡನೇ ಪ್ಯಾರಾ. ಕೆಳಗೆ ನಿಮ್ಮ ಸಹಿ. ಅಕ್ಷರ ದುಂಡಗಿದೆ."

ನಾನು ಅವರ ಹೊದಿಕೆ ಸರಿಮಾಡಿದೆ. ಅವರೇ ಮುಂದುವರಿಸಿದರು.

"ನೀವು ಹೇಳೋಕೆ ಬಂದ್ರಿ. ನಾನು ಉಪ್ಪಿಟ್ಟು ಅಂದೆ. ದಿವ್ಯಾಗೆ ಹೇಳಿದ್ದೀರಾ?"

"ಇಲ್ಲ."

"ಅವಳು ಕೇಳಿದ್ಲಾ?"

"ಆವತ್ತು ಯಾರಿಗೂ ಗೊತ್ತಿರಲಿಲ್ವಾ ಅಂದ್ಲು. ಆಮೇಲೆ ಯಾವತ್ತೂ ಕೇಳಲಿಲ್ಲ."

"ಮತ್ತೆ?" ಎಂದರು. ತಮ್ಮ ಬೇಸ್‌ಮೆಂಟಿನಲ್ಲಿ ಟೈಪ್‌ರೈಟರ್ ಮುಂದೆ ಕೂತವರ ದನಿ ಅದು. "ನಾನು ಹೇಳ್ಕೊಟ್ಟಿದ್ದು ಮರೆತ್ರಾ? ಫಾರಂ ಕೇಳದೇ ಇದ್ದದ್ದನ್ನ ಬರೀಬಾರದು."

ಅಷ್ಟರಲ್ಲಿ ಆಂಟಿ ಬಂದರು. ನಾವು ಕಾಫಿ ಕುಡಿದೆವು.

ಅವರ ಸಲಹೆ ಕೇಳಿ ಯಾರಿಗೆ ಎಷ್ಟು ಒಳ್ಳೆಯದಾಯಿತೋ ನಾನು ಹೇಳಲಾರೆ. ನಾನಂತೂ ಅವರ ಈ ಒಂದು ಮಾತನ್ನು ಆರು ವರ್ಷ ಪಾಲಿಸಿದ್ದೇನೆ, ಅವರು ನನಗೆ ಹೇಳುವುದಕ್ಕೆ ಮೊದಲಿನಿಂದಲೂ. ಇವತ್ತು ದಿವ್ಯಾ ಮನೆಗೆ ಬರುತ್ತಾಳೆ. ಈ ಹಾಳೆಗಳನ್ನು ಅಡುಗೆಮನೆಯ ಮೇಜಿನ ಮೇಲೆ ಇಡುತ್ತೇನೆ. ಅವಳು ಕೇಳಿಲ್ಲ. ಆದರೂ ಬರೆದಿದ್ದೇನೆ.